ಕಟ್ಟದ ಹೇಳಿಕೆ

ನಮ್ಮ ಹೊಳೆಗೆ ಈಗ ಸಿಮೆಂಟಿನ ಕಿಂಡಿ ಅಣೆಕಟ್ಟು ಬಂದಿದೆ. ಮಳೆಗಾಲ ಕಳೆದ ಮೇಲೆ ಯಾರೋ ಒಬ್ಬ ಬಂದು ಕಿಂಡಿಗೆ ಹಲಗೆ ಇಳಿಸಿ ಹೋಗುತ್ತಾನೆ, ನೀರು ನಿಲ್ಲುತ್ತದೆ. ಯಾರೂ ಯಾರನ್ನೂ ಕರೆಯಬೇಕಾಗಿಲ್ಲ, ಯಾರೂ ಯಾರ ಮುಖ ನೋಡಬೇಕಾಗಿಲ್ಲ. ಅನುಕೂಲವೇನೋ ಹೌದು. ಆದರೂ ಊರಿಗೆ ಹೋದಾಗಲೆಲ್ಲ ಆ ಸಿಮೆಂಟಿನ ಮೇಲೆ ನನಗೊಂದು ಸಣ್ಣ ಸಿಟ್ಟು ಬರುತ್ತದೆ. ಸಿಮೆಂಟಿನ ಮೇಲೆ ಸಿಟ್ಟು ಮಾಡಿಕೊಳ್ಳುವವರು ಊರಿಗೆ ನಾನೊಬ್ಬಳೇ ಇರಬೇಕು.

ಮುಂಡಾಜೆಯ ಹತ್ತಿರದ ಹಳ್ಳಿ ನಮ್ಮದು. ಹೊಳೆಯ ಈಚೆ ನಾವು, ಆಚೆ ಬೇರೆ ಗ್ರಾಮ. ನಾನು ಹೇಳುತ್ತಿರುವ ಕಾಲದಲ್ಲಿ, ಮಳೆ ನಿಂತು ಹೊಳೆ ಸಪೂರವಾದ ಮೇಲೆ ಎರಡೂ ಊರಿನವರು ಸೇರಿ ಅದಕ್ಕೆ ಅಡ್ಡವಾಗಿ ಮಣ್ಣಿನ ಕಟ್ಟ ಕಟ್ಟುತ್ತಿದ್ದರು. ಗೂಟ ಹೊಡೆದು, ಅಡಕೆ ಮರ ಸೀಳಿದ ಸಲಕೆ ಹೆಣೆದು, ನಡುವೆ ಸೊಪ್ಪು ಮಣ್ಣು ತುಂಬುವುದು. ಒಂದೇ ದಿನದ ಕೆಲಸ, ಆದರೆ ಎರಡೂ ದಡದಿಂದ ಒಟ್ಟಿಗೆ ಆಗಬೇಕು. ಒಂದೇ ಕಡೆಯಿಂದ ಕಟ್ಟಿಕೊಂಡು ಹೋದರೆ ನೀರು ಇನ್ನೊಂದು ದಡವನ್ನು ಕೊರೆದುಕೊಂಡು ದಾರಿ ಮಾಡಿಕೊಳ್ಳುತ್ತದೆ. ಕಟ್ಟ ನಿಂತಿತೆಂದರೆ ಎರಡೂ ಬದಿಯ ಗದ್ದೆಗೆ ಸುಗ್ಗಿಯ ಬೆಳೆ, ಎಂದರೆ ವರ್ಷದ ಎರಡನೇ ಭತ್ತ. ಮುಂದಿನ ಮಳೆಗಾಲದ ಮೊದಲ ನೆರೆಗೆ ಕಟ್ಟ ಹೋಗಿಬಿಡುತ್ತದೆ. ಮರುವರ್ಷ ಮತ್ತೆ ಹೊಸತು.

ಈ ಕೆಲಸಕ್ಕೆ ಈಚೆಯವರು ಆಚೆಯವರಿಗೆ ಹೇಳಿಕೆ ಕೊಡಬೇಕು. ಹೇಳಿಕೆ ಎಂದರೆ ಆಮಂತ್ರಣವೇ, ಆದರೆ ಕಾಗದದಲ್ಲಿ ಅಚ್ಚು ಹಾಕಿಸಿ ಹಂಚುವಂಥದ್ದಲ್ಲ. ಮನೆಯವರೇ ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು, ಆ ಮನೆಯ ಅಂಗಳದಲ್ಲಿ ನಿಂತು, ದಿನ ಹೇಳಿ, ಕೆಲಸ ಹೇಳಿ, 'ನೀವೆಲ್ಲ ಬಂದು ಚಂದಗಾಣಿಸಿ ಕೊಡಬೇಕು' ಎನ್ನಬೇಕು. ಅವರು ಕೊಟ್ಟ ಬೆಲ್ಲ ನೀರು ಕುಡಿಯಬೇಕು. ಇವರು ನೀಡಿದ ವೀಳ್ಯವನ್ನು ಅವರು ತೆಗೆದುಕೊಳ್ಳಬೇಕು. ಇಷ್ಟಾದರೆ ಹೇಳಿಕೆ ಆಯಿತು. ಇಲ್ಲದಿದ್ದರೆ ನಮ್ಮ ಕಡೆಯ ಜನ ಸ್ವಂತ ತಮ್ಮನ ಮದುವೆಗೂ ಹೋಗುವವರಲ್ಲ. 'ಹೇಳಿಕೆ ಇಲ್ಲ' ಎಂದು ಮನೆಯಲ್ಲೇ ಕೂತು, ಪಾಯಸದ ಪರಿಮಳ ಬಂದರೆ ಕಿಟಕಿ ಮುಚ್ಚುವವರು. ಮತ್ತೆ, ಕಳೆದ ವರ್ಷದ ಹೇಳಿಕೆ ಈ ವರ್ಷಕ್ಕೆ ನಡೆಯುವುದಿಲ್ಲ.

ಈಚೆಯ ಕಡೆಯಿಂದ ಹೇಳಿಕೆ ಹೇಳುವವರು ನನ್ನ ಅಪ್ಪ. ಆಚೆಯ ಕಡೆ ಅದನ್ನು ತೆಗೆದುಕೊಳ್ಳುವವರು ನನ್ನ ಅಕ್ಕನ ಮಾವ. ನಾನೂ ಅವರನ್ನು ಮಾವ ಎಂದೇ ಕರೆಯುವುದು. ಅಕ್ಕನ ಮದುವೆಯ ಮಾತು ಮೊದಲು ಎದ್ದದ್ದೇ ಒಂದು ಕಟ್ಟದ ದಿನ, ಇಬ್ಬರೂ ಮಣ್ಣಿನ ಕೈ ತೊಳೆಯುತ್ತಿದ್ದಾಗ. ಹಾಗಾಗಿ ಅಕ್ಕ ಮದುವೆಯಾಗಿ ಹೋದದ್ದು ಹೊಳೆ ದಾಟಿ, ಅಷ್ಟೇ. ನಮ್ಮ ಅಂಗಳದಲ್ಲಿ ನಿಂತರೆ ಅವಳ ಅಡಿಗೆಮನೆಯ ಹೊಗೆ ಕಾಣುತ್ತಿತ್ತು. ಅಮ್ಮ ಆ ಹೊಗೆ ನೋಡಿ, 'ಇವತ್ತು ಅವಳು ಎದ್ದದ್ದು ತಡ' ಎಂದು ಇಲ್ಲಿಂದಲೇ ಬೈಯುತ್ತಿದ್ದಳು.

ಅಕ್ಕ ಮೊದಲ ಬಸುರಿಯಾಗಿದ್ದ ವರ್ಷ. ಅಪ್ಪನಿಗೆ ಬಂಟ್ವಾಳದಲ್ಲಿ ಜಮೀನಿನ ವಿಚಾರಣೆ ಇತ್ತು. ಇವತ್ತು ಬಾ, ನಾಳೆ ಬಾ ಎಂದು ಅಲ್ಲಿ ಅವರನ್ನು ವಾರವಿಡೀ ಕೂರಿಸಿದರು. ಕಟ್ಟದ ದಿನ ಹತ್ತಿರ ಬಂತು. ಅಪ್ಪ ಏನು ಮಾಡಿದರೆಂದರೆ, ನಮ್ಮ ದಾರಿಯ ಬಸ್ಸಿನ ಕಂಡಕ್ಟರನನ್ನು ಹಿಡಿದು, 'ಆದಿತ್ಯವಾರ ಕಟ್ಟ ಅಂತ ನಮ್ಮ ನಂಟರಿಗೆ ಹೇಳಿಬಿಡು ಮಾರಾಯ' ಎಂದರು. ಅದರಲ್ಲಿ ಅಪ್ಪನಿಗೆ ತಪ್ಪೇನೂ ಕಾಣಲಿಲ್ಲ. ಆ ಕಂಡಕ್ಟರ್ ನಂಬಿಗಸ್ತ. ಔಷಧಿ, ದುಡ್ಡು, ಒಮ್ಮೆ ಯಾರದೋ ಮದುಮಗಳ ಸರವನ್ನೂ ಮನೆ ಬಾಗಿಲಿಗೆ ಮುಟ್ಟಿಸಿದವನು.

ಅವನು ಹೇಳಿಕೆಯನ್ನೂ ಹಾಗೇ ಮುಟ್ಟಿಸಿದ. ಮಾವ ಮುಂಡಾಜೆಯ ಹೋಟೆಲಿನಲ್ಲಿ ನಾಲ್ಕು ಜನರ ನಡುವೆ ಚಾ ಕುಡಿಯುತ್ತಾ ಕೂತಿದ್ದರು. ಕಂಡಕ್ಟರ್ ಬಸ್ಸಿನಿಂದ ಇಳಿಯಲೂ ಇಲ್ಲ. ಫುಟ್‌ಬೋರ್ಡಿನಲ್ಲಿ ನಿಂತು, 'ಓಯ್ ಯಜಮಾನರೇ, ಆದಿತ್ಯವಾರ ಕಟ್ಟವಂತೆ, ಬರಬೇಕಂತೆ!' ಎಂದು ಕೂಗಿ, ಸೀಟಿ ಊದಿದ. ಬಸ್ಸು ಹೋಯಿತು. ಹೋಟೆಲಿನಲ್ಲಿ ಯಾರೋ ನಕ್ಕರು.

ಮಾವ ಅರ್ಧ ಚಾ ಬಿಟ್ಟು ಎದ್ದರಂತೆ. 'ಹೇಳಿಕೆ ಪಾರ್ಸೆಲಿನಲ್ಲಿ ಬಂದಿದೆ. ನಾವೂ ಪಾರ್ಸೆಲಿನಲ್ಲೇ ಹೋಗುವ' ಎಂದರಂತೆ. ಆದಿತ್ಯವಾರ ನಮ್ಮ ಕಡೆಯವರು ಗೂಟ ಇಟ್ಟುಕೊಂಡು ಮಧ್ಯಾಹ್ನದವರೆಗೆ ಕಾದರು. ಆಚೆಯಿಂದ ನರಪಿಳ್ಳೆ ಬರಲಿಲ್ಲ. ಬಂಟ್ವಾಳದಿಂದ ಬಂದು ಮುಟ್ಟಿದ್ದ ಅಪ್ಪ ಹಟಕ್ಕೆ ಬಿದ್ದು ಈಚೆಯಿಂದಲೇ ಕಟ್ಟಿಸಿದರು, ನೀರು ಆಚೆಯ ದಡ ಕೊರೆಯಿತು. ಮಾವನ ಗದ್ದೆಯ ಒಂದು ಮೂಲೆ ಕುಸಿದು ಹೊಳೆಗೆ ಹೋಯಿತು. ಅಲ್ಲಿಗೆ ಎಲ್ಲ ಮುಗಿಯಿತು. ಅಪ್ಪ ಅಂಗಳದಲ್ಲಿ ನಿಂತು, 'ಇನ್ನು ಆಚೆಯವರ ನೀರೂ ಬೇಡ' ಎಂದರು. ಆಚೆಯೂ ಅದೇ ಮಾತು ಆಯಿತಂತೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರಲ್ಲ, ನಮ್ಮಲ್ಲಿ ಎರಡು ಮನೆಯಲ್ಲ, ಎರಡು ಊರೇ ಕೆಟ್ಟಿತು. ಸುಗ್ಗಿ ಬೆಳೆ ನಿಂತಿತು. ಹಿರಿಯರು ಪಂಚಾತಿಕೆಗೆ ಬಂದರೆ ಈಚೆಯವರು 'ಮೊದಲು ಅವರು ಬರಲಿ' ಎಂದರು, ಆಚೆಯವರು 'ಮೊದಲು ಅವರು ಹೇಳಲಿ' ಎಂದರು.

ಅಕ್ಕನನ್ನು ಯಾರೂ ತಡೆಯಲಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು. 'ತವರಿಗೆ ಹೋಗಬೇಡ' ಎಂದು ಮಾವ ಅನ್ನಲಿಲ್ಲ, 'ಬರಬೇಡ' ಎಂದು ಅಪ್ಪ ಅನ್ನಲಿಲ್ಲ. ಆದರೆ ಬಸುರಿಯನ್ನು ಹೆರಿಗೆಗೆ ತವರಿನವರು ಬಂದು ಕರೆದುಕೊಂಡು ಹೋಗಬೇಕು, ಅದು ಕ್ರಮ. ಕರೆಯಲು ಯಾರೂ ಹೋಗಲಿಲ್ಲ. ಅಮ್ಮ ಹಳೆ ಸೀರೆ ಹರಿದು ಬಟ್ಟೆ ಮಡಚಿ ಇಟ್ಟಿದ್ದಳು, ಬಾಣಂತಿ ಮದ್ದಿಗೆ ಬೇಕಾದ್ದನ್ನೆಲ್ಲ ಒಣಗಿಸಿ ಡಬ್ಬಿಯಲ್ಲಿ ತುಂಬಿಸಿದ್ದಳು. ಮಗು ಆಚೆಯೇ ಹುಟ್ಟಿತು. ಹೆಣ್ಣು ಮಗು ಎಂದು ನಮಗೆ ಹೇಳಿದ್ದು ಪೋಸ್ಟ್‌ಮ್ಯಾನ್.

ಆಮೇಲೆ ಅಮ್ಮ ಬಟ್ಟೆ ಒಗೆಯಲು ಹೊಳೆಗೇ ಹೋಗತೊಡಗಿದಳು, ಬಾವಿಯ ಹತ್ತಿರ ಕಲ್ಲು ಇದ್ದರೂ. ಅಕ್ಕನೂ ಆಚೆ ಬರುತ್ತಿದ್ದಳು. ಕೂಗಿದರೆ ಕೇಳುವಷ್ಟೇ ದೂರ, ಆದರೆ ಕೂಗಿದರೆ ಎರಡು ಊರಿಗೂ ಕೇಳುತ್ತದೆ. ಅದಕ್ಕೆ ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಅಕ್ಕ ಮಗುವನ್ನು ಎತ್ತಿ ಹಿಡಿಯುತ್ತಿದ್ದಳು. ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸಿ ತೋರಿಸುತ್ತಿದ್ದಳು. ಅಮ್ಮ ಕೈಯ ಬಟ್ಟೆ ಬಿಟ್ಟು ನೋಡುತ್ತಿದ್ದಳು. ನನ್ನ ಅಕ್ಕನ ಮಗಳು ತೆವಳಿದ್ದು, ನಿಂತದ್ದು, ಓಡಿದ್ದು, ಎಲ್ಲವನ್ನೂ ಅವಳ ಅಜ್ಜಿ ನೋಡಿದ್ದು ಹೀಗೆ. ನನಗೆ ಇಬ್ಬರು ಗಂಡಸರ ಮೇಲೂ ಮೈಯೆಲ್ಲ ಉರಿಯುತ್ತಿತ್ತು. ಒಂದು ಸಲ ಸಿಟ್ಟಿನಲ್ಲಿ ಹೊಳೆ ದಾಟಿ ಹೋದೆ. ಅಕ್ಕ ಬಾಗಿಲಲ್ಲೇ ಕೇಳಿದಳು, 'ಯಾರು ಕಳಿಸಿದ್ದು?' 'ಯಾರೂ ಇಲ್ಲ.' 'ಹಾಗಾದರೆ ಹೋಗು ಮಾರಾಯ್ತಿ. ನೀನು ಬಂದದ್ದು ಲೆಕ್ಕಕ್ಕಿಲ್ಲ. ಸುಮ್ಮನೆ ಮಾತು ಬೆಳೀತದೆ.'

ಆ ಹೊತ್ತಿಗೆ ನಾನು ಮೂಡುಬಿದಿರೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠದ ಟೀಚರ್. ಬಸದಿಯ ಬೀದಿಯಲ್ಲಿ ಒಂದು ಬಾಡಿಗೆ ಕೋಣೆ, ಶನಿವಾರ ಬೆಲ್ ಆದ ಕೂಡಲೇ ಊರಿಗೆ ಬಸ್ಸು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಮಳೆಗಾಲ ಕಳೆದ ಮೇಲೆ ಒಂದು ದಿನ, ಬಸದಿಯ ಕಂಬಗಳನ್ನು ನೋಡಲು ಬಂದಿದ್ದ ಇಬ್ಬರು ವಿದೇಶಿಯರನ್ನು ನಮ್ಮ ಹೆಡ್ಮಾಸ್ಟರು ಶಾಲೆಗೆ ಎಳೆದುಕೊಂಡು ಬಂದರು. ವಿದೇಶಿಯರು ಸಿಕ್ಕಿದರೆ ಬಿಡುವ ಜಾಯಮಾನ ಅವರದ್ದಲ್ಲ. ಭಾಷಣ ಮಾಡಿಸಿಯೇ ಕಳಿಸುತ್ತಿದ್ದರು.

ಒಬ್ಬರು ಜರ್ಮನಿಯ ಮುದುಕ, ರೈಲ್ವೆಯಿಂದ ನಿವೃತ್ತರಾದವರು. ಇನ್ನೊಬ್ಬರು ಫ್ರಾನ್ಸಿನ ಹೆಂಗಸು, ಅಮ್ಮನ ಕಾಲದ ಬ್ರೆಡ್ಡಿನ ಅಂಗಡಿಯನ್ನು ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟವರು. ಗಂಡ ಹೆಂಡತಿಯಲ್ಲ, ನೆಂಟರಲ್ಲ. ಅವರ ಎರಡು ಊರುಗಳು ಒಂದಕ್ಕೊಂದು 'ಸೋದರಿ ನಗರ'ಗಳು, ಇವರಿಬ್ಬರು ಆ ಕೆಲಸದಲ್ಲಿ ಮೊದಲಿನಿಂದ ಇದ್ದವರು. ಮುದಿ ಪ್ರಾಯದಲ್ಲಿ ಒಟ್ಟಿಗೆ ದೇಶ ನೋಡಲು ಹೊರಟಿದ್ದರು. ಅವರ ಹರಕು ಇಂಗ್ಲಿಷನ್ನು ನನ್ನ ಶಾಲೆಯ ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನನ್ನ ಕುತ್ತಿಗೆಗೆ ಬಂತು.

'ಹುಬ್ಬಳ್ಳಿ ಧಾರವಾಡದ ಹಾಗಾ ಟೀಚರ್?' ಎಂದು ಮುಂದಿನ ಸಾಲಿನಿಂದ ಒಬ್ಬ ಕೇಳಿದ. ಹಾಗಲ್ಲ ಎಂದೆ. ಅವು ಪಕ್ಕಪಕ್ಕದ ಊರು. ಇವು ಬೇರೆ ಬೇರೆ ದೇಶದವು, ಎಪ್ಪತ್ತು ವರ್ಷದೊಳಗೆ ಮೂರು ಸಲ ಯುದ್ಧ ಮಾಡಿದ ದೇಶದವು. ಯುದ್ಧ ನಿಂತ ಮೇಲೆ ಸರಕಾರಗಳು ಸಹಿ ಹಾಕಿದವು, ಆದರೆ ಸಹಿ ಹಾಕಿದವರು ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣುವುದಿಲ್ಲವಲ್ಲ. ಅದಕ್ಕೆ ಒಂದು ಊರು ಇನ್ನೊಂದು ಊರನ್ನು ಆರಿಸಿಕೊಂಡಿತು. ಇಲ್ಲಿಯ ಮಕ್ಕಳು ಅಲ್ಲಿಯ ಮನೆಗಳಲ್ಲಿ, ಅಲ್ಲಿಯ ಹಾಡುವವರು ಇಲ್ಲಿಯ ಮನೆಗಳಲ್ಲಿ ಹೋಗಿ ನಿಲ್ಲುವುದು, ವರ್ಷಾವರ್ಷ. ಮಕ್ಕಳು ಚಪ್ಪಾಳೆ ತಟ್ಟಿದರು. ಹೆಡ್ಮಾಸ್ಟರು ವಿಶ್ವಶಾಂತಿಯ ಬಗ್ಗೆ ಮಾತಾಡಿ ಎಲ್ಲರನ್ನೂ ಬಿಸಿಲಿನಲ್ಲಿ ಒಣಗಿಸಿದರು.

ಸ್ಟಾಫ್ ರೂಮಿನಲ್ಲಿ ಚಾ, ಗೋಳಿಬಜೆ. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ, ಅದನ್ನು ಕೇಳಿಯೇಬಿಟ್ಟೆ. 'ಅದೆಲ್ಲ ಸರಿ. ಮೊದಲು ಯಾರು ಹೋಗಿ ಕರೆದದ್ದು?'

ಇಬ್ಬರೂ ಮುಖ ಮುಖ ನೋಡಿಕೊಂಡರು. ಇದನ್ನು ಯಾರೂ ಕೇಳಿರಲಿಲ್ಲವಂತೆ. 'ನಾವು' ಎಂದರು ಮುದುಕ. 'ನಮ್ಮ ಫುಟ್ಬಾಲ್ ಹುಡುಗರು ಹೋದದ್ದು ಮೊದಲು.' 'ಎಲ್ಲಿಯ ಮಾತು, ಅದಕ್ಕೂ ಮುಂಚೆ ನಮ್ಮ ಮೇಯರ್ ನಿಮ್ಮಲ್ಲಿಗೆ ಬಂದಿದ್ದರು' ಎಂದರು ಹೆಂಗಸು. 'ಅವರು ಬಂದದ್ದು ಬೇರೆ ಕೆಲಸಕ್ಕೆ!' ಗೋಳಿಬಜೆ ಮುಗಿಯುವವರೆಗೆ ಜಗಳ ನಡೆಯಿತು. ಮೂವತ್ತು ವರ್ಷದ ಸ್ನೇಹ, ಮೊದಲು ಯಾರು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ನನಗೆ ಅವರ ಮೇಲೆ ಒಮ್ಮೆಲೇ ಪ್ರೀತಿ ಬಂತು. ನಮ್ಮವರ ಹಾಗೇ ಇದ್ದಾರಲ್ಲ ಅನ್ನಿಸಿತು. ಶನಿವಾರ ನಮ್ಮ ಮನೆಗೆ ಬನ್ನಿ ಎಂದು ಕರೆದೆ.

ವೇಣೂರು ದಾರಿಯಾಗಿ ಬೆಳ್ತಂಗಡಿ, ಅಲ್ಲಿ ಬಸ್ಸು ಬದಲಿಸಿ ಮುಂಡಾಜೆ. ರೈಲ್ವೆಯ ಮುದುಕರು ದಾರಿಯುದ್ದಕ್ಕೂ ನಮ್ಮ ಡ್ರೈವರ್ ಬ್ರೇಕು ಹಾಕುವ ರೀತಿಯನ್ನು ನೋಡಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮನೆ ಮುಟ್ಟಿದ ಕೂಡಲೇ ಅಮ್ಮ ಬೆಲ್ಲ ನೀರು ತಂದಿಟ್ಟಳು. ಅಪ್ಪ ಹೊಸ ಅಂಗಿ ಹಾಕಿಕೊಂಡು ಬಂದು, ವಿಷಯ ಇಲ್ಲದಿದ್ದರೂ ತುಂಬಾ ಹೊತ್ತು ನಕ್ಕರು.

ಊಟಕ್ಕೆ ಮೊದಲು ಜಗಲಿಯಲ್ಲಿ ಕೂತಿದ್ದಾಗ ಆ ಹೆಂಗಸು ಹೇಳಿದ್ದನ್ನು ನಾನು ಅಪ್ಪ ಅಮ್ಮನಿಗೆ ತುಳುವಿನಲ್ಲಿ ಹೇಳುತ್ತಾ ಹೋದೆ. ಮೊದಲ ಸಲ ಜರ್ಮನಿಯವರು ಬರುತ್ತಾರೆಂದಾಗ ಅವರ ಊರಿನ ಸಭೆಯಲ್ಲಿ ಎಲ್ಲರೂ ಒಪ್ಪಿ ಚಪ್ಪಾಳೆ ತಟ್ಟಿದ್ದರಂತೆ. ಆದರೆ ಬಂದವರನ್ನು ಮಲಗಿಸುವುದೆಲ್ಲಿ ಎಂಬ ಮಾತು ಬಂದಾಗ ಯಾರ ಮನೆಯಲ್ಲೂ ಜಾಗ ಇಲ್ಲ. ಇವರ ಅಮ್ಮ, ಯುದ್ಧಕ್ಕೆ ಹೋದ ಗಂಡ ತಿರುಗಿ ಬಾರದವರು, ಎದ್ದು ನಿಂತು, 'ನಮ್ಮಲ್ಲಿ ಒಂದು ಕೋಣೆ ಉಂಟು' ಎಂದರಂತೆ. ಬಂದು ಉಳಿದದ್ದು ಇದೇ ಮುದುಕರು, ಆಗ ಪ್ರಾಯದವರು. ಆ ಅಮ್ಮ ಊಟ ಬಡಿಸಿ ಅಡಿಗೆಮನೆಯಲ್ಲಿ ನಿಂತೇ ಇದ್ದರಂತೆ, ಮೇಜಿಗೆ ಬರಲಿಲ್ಲ. ಇವರು ತಲೆ ತಗ್ಗಿಸಿ ಉಂಡು, ತಟ್ಟೆ ತೊಳೆದಿಟ್ಟರಂತೆ. ಮರುವರ್ಷ ಮತ್ತೆ ಬಂದರು, ಮತ್ತೆ ಹಾಗೇ. ಅದರ ಮುಂದಿನ ವರ್ಷ ಆ ಅಮ್ಮ ತಮ್ಮ ತಟ್ಟೆಯನ್ನೂ ತಂದು ಎದುರು ಕೂತರು.

'ಒಂದು ವರ್ಷ ತಪ್ಪಿದ್ದರೆ ಮುಗಿದಿತ್ತು' ಎಂದರು ಮುದುಕ. 'ಇದು ವರ್ಷ ವರ್ಷ ಹೊಸದಾಗಿ ಮಾಡಬೇಕಾದ ಕೆಲಸ. ಹಳೆಯದರ ಮೇಲೆ ಕೂರಲಿಕ್ಕೆ ಆಗುವುದಿಲ್ಲ.'

ಅಪ್ಪ ಹೌದು ಹೌದು ಎಂದು ತಲೆಯಾಡಿಸಿದರು. 'ದೊಡ್ಡ ಜನ ಅವರು' ಎಂದರು. ಹೊಳೆಯ ಆಚೆಯ ಹೊಗೆ ಅವರ ಬೆನ್ನ ಹಿಂದೆಯೇ ಏಳುತ್ತಿತ್ತು. ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಬಾಗಿಲ ಹತ್ತಿರ ನಿಂತಿದ್ದ ಅಮ್ಮ ಮೊದಲ ಸಲ ಬಾಯಿ ತೆರೆದಳು. 'ಆ ಅಮ್ಮ ಮನೆಯಲ್ಲಿ ಯಾರ ಹತ್ತಿರವೂ ಕೇಳಲಿಲ್ಲವಾ?'

ಕೇಳಿ ಹೇಳಿದೆ. ಮನೆಯಲ್ಲಿ ಆ ಅಮ್ಮನ ಮಾವ ಇದ್ದರಂತೆ, ಹಿಂದಿನ ಯುದ್ಧದಲ್ಲಿ ಕಾಲು ಕಳೆದುಕೊಂಡವರು. ಅವರನ್ನು ಕೇಳಲಿಲ್ಲ.

'ಅವರು ಸುಮ್ಮನೆ ಬಿಟ್ಟರಾ?'

'ತಿಂಗಳುಗಟ್ಟಲೆ ಸೊಸೆಯ ಹತ್ತಿರ ಮಾತಾಡಲಿಲ್ಲವಂತೆ.'

'ಅಷ್ಟೇಯಾ' ಎಂದಳು ಅಮ್ಮ. ಸಂತೆಯಲ್ಲಿ ಒಂದು ಸೀರೆಗೆ ನೆನೆಸಿದ್ದಕ್ಕಿಂತ ಕಡಿಮೆ ಕ್ರಯ ಹೇಳಿದರೆ ಅನ್ನುತ್ತಾರಲ್ಲ, ಹಾಗೆ. ಅಷ್ಟು ಹೇಳಿ ಒಳಗೆ ಹೋದಳು.

ಬೆಳಿಗ್ಗೆ ನಾನು ಎದ್ದು ಬಂದಾಗ ಅಮ್ಮ ಸ್ನಾನ ಮಾಡಿ, ಅಕ್ಕನ ಮದುವೆಗೆಂದು ತನಗೆ ತೆಗೆದಿದ್ದ ಸೀರೆ ಉಟ್ಟಿದ್ದಳು. ಕೈಯಲ್ಲಿ ತಟ್ಟೆ, ಅದರಲ್ಲಿ ವೀಳ್ಯದೆಲೆ, ಅಡಕೆ. 'ನೀನೂ ಬಾ' ಎಂದಳು. 'ಸಾಕ್ಷಿ ಬೇಕು. ನಾಳೆ ಹೇಳಿಯೇ ಇಲ್ಲ ಅಂತ ಆಗಬಾರದು.' ಅಪ್ಪ ಹಿತ್ತಿಲಿನಲ್ಲಿ ಅತಿಥಿಗಳಿಗೆ ಸಂಜ್ಞೆಯಲ್ಲೇ ಹಟ್ಟಿಯ ದನಗಳ ವಂಶಾವಳಿ ವಿವರಿಸುತ್ತಿದ್ದರು. ನಾವು ಅಂಗಳ ಇಳಿದದ್ದು ಅವರಿಗೆ ಕಾಣಲಿಲ್ಲ.

ಹೊಳೆಯಲ್ಲಿ ಮೊಣಕಾಲಿನವರೆಗೆ ನೀರು. ಅಮ್ಮ ಸೀರೆ ಎತ್ತಿ ಕಟ್ಟಿ, ತಟ್ಟೆ ತಲೆಯ ಮಟ್ಟಕ್ಕೆ ಹಿಡಿದು ದಾಟಿದಳು. ದಾಟಿದ ಮೇಲೆ ಸೀರೆ ಇಳಿಸಿ, ನೆರಿಗೆ ಸರಿ ಮಾಡಿಕೊಂಡಳು. ಅಡಕೆ ತಟ್ಟೆಯಲ್ಲಿ ಉರುಳುವ ಸದ್ದು ಕೇಳುತ್ತಿತ್ತು. ನಾನು ಹಿಡಿಯುತ್ತೇನೆ ಎಂದರೆ ಕೊಡಲಿಲ್ಲ.

ಮಾವ ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. ನಮ್ಮನ್ನು ನೋಡಿ ಕೈ ನಿಂತಿತು. ಬಾಗಿಲಿಗೆ ಅಕ್ಕ ಬಂದಳು, ಅವಳ ಸೀರೆ ಹಿಡಿದು ಮಗು. ಅಮ್ಮ ಆ ಕಡೆ ನೋಡಲೇ ಇಲ್ಲ. ಜಗಲಿ ಹತ್ತದೆ ಅಂಗಳದ ನಡುವೆ ನಿಂತು, ನೆಲ ನೋಡುತ್ತಾ, ಒಂದೇ ಉಸಿರಿಗೆ ಹೇಳಿದಳು.

'ಬರುವ ಆದಿತ್ಯವಾರ ಕಟ್ಟ ಕಟ್ಟುವುದೆಂದು ಮಾಡಿದ್ದೇವೆ. ನೀವು, ನಿಮ್ಮ ಕಡೆಯವರು ಎಲ್ಲ ಬಂದು ಚಂದಗಾಣಿಸಿ ಕೊಡಬೇಕು.'

ಮಾವ ಹೊಸೆದಷ್ಟು ಹಗ್ಗವನ್ನು ಸುತ್ತಿ ಬದಿಗಿಟ್ಟರು. ಅವರು ಕೆಟ್ಟವರಲ್ಲ, ಕ್ರಮದವರು. ಕ್ರಮದವರ ಜೊತೆ ಏಗುವುದು ಕೆಟ್ಟವರ ಜೊತೆ ಏಗುವುದಕ್ಕಿಂತ ಕಷ್ಟ. ಕೊನೆಗೆ ಕೇಳಿದರು, 'ಎಲ್ಲಿಂದ ಬಂದ ಹೇಳಿಕೆ ಇದು?'

'ಮನೆಯಿಂದ.'

'ಕಟ್ಟದ ಹೇಳಿಕೆ ಗಂಡಸರು ಹೇಳುವುದು ಕ್ರಮ.'

'ಗಂಡಸರು ಹೇಳಿದ್ದು ಬಸ್ಸಿನಲ್ಲಿ ಬಂತಲ್ಲ' ಎಂದಳು ಅಮ್ಮ. 'ಹಾಗೆ ಈ ಸಲ ನಾನು ನಡೆದುಕೊಂಡು ಬಂದೆ.'

ಮಾವನ ಮೀಸೆ ಒಂದು ಬದಿಗೆ ಅಲುಗಿತು. ನಗು ಬಂದದ್ದನ್ನು ಮುಚ್ಚಿಕೊಳ್ಳಲು ಮುಖ ಆಚೆ ತಿರುಗಿಸಿ, 'ಬೆಲ್ಲ ನೀರು ತನ್ನಿ' ಎಂದು ಒಳಗೆ ಕೂಗಿದರು. ತಂದವಳು ಅಕ್ಕ. ಅಮ್ಮ ಬೆಲ್ಲ ಕಚ್ಚಿ, ಚೊಂಬು ಎತ್ತಿ, ಒಂದು ಹನಿ ಬಿಡದೆ ಕುಡಿದಳು. ನೀರೂ ಬೇಡ ಎಂದ ಮನೆಯಿಂದ ಬಂದವಳು ಎಂಬುದು ಅಂಗಳದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮಾವ ತಟ್ಟೆಯಿಂದ ವೀಳ್ಯ ತೆಗೆದುಕೊಂಡರು. 'ನೋಡುವ' ಎಂದರು.

ನಮ್ಮ ಕಡೆ 'ನೋಡುವ' ಎಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ. ಹಿಂದೆ ಬರುವಾಗ ನನಗೆ ತಡೆಯಲಾಗಲಿಲ್ಲ. 'ಅಕ್ಕನನ್ನು ಕಳಿಸಿ ಅಂತ ಯಾಕೆ ಕೇಳಲಿಲ್ಲ? ಮಗುವನ್ನಾದರೂ ಮುಟ್ಟಬಾರದಿತ್ತಾ?' ಅಮ್ಮ ನೀರಿನ ನಡುವೆ ನಿಂತಳು. ಅವಳ ಕಣ್ಣು ತುಂಬಿತ್ತು. 'ಒಂದು ಹೇಳಿಕೆಯಲ್ಲಿ ಎರಡು ಕೇಳಬಾರದು. ಮುಟ್ಟಿದ್ದರೆ ಬಿಟ್ಟು ಬರಲಿಕ್ಕೆ ಆಗ್ತಿತ್ತಾ ನನಗೆ?'

ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ ಅಮ್ಮ ಅಪ್ಪನಿಗೆ ಹೇಳಿದಳು, ಉಪ್ಪಿನಕಾಯಿ ಬೇಕಾ ಎಂದು ಕೇಳುವ ಧ್ವನಿಯಲ್ಲಿ. 'ಬರುವ ಆದಿತ್ಯವಾರ ಕಟ್ಟ. ಆಚೆಯವರಿಗೆ ಹೇಳಿ ಆಯಿತು.' ಅಪ್ಪನ ಕೈ ತುತ್ತಿನೊಂದಿಗೆ ನಿಂತಿತು. ಅತಿಥಿಗಳು ಎದುರಿಗೆ ಕೂತಿದ್ದರು. ಅತಿಥಿಗಳ ಎದುರು ಎಲೆ ಬಿಟ್ಟು ಏಳುವ ಹಾಗಿಲ್ಲ, ಅದೂ ಕ್ರಮವೇ. ಮುಖ ಕೆಂಪಾಯಿತು, ಊಟ ಮುಗಿಸಿದರು. ಅಂದಿನಿಂದ ಅಮ್ಮನ ಜೊತೆ ಮಾತು ಬಿಟ್ಟರು.

ಅತಿಥಿಗಳಿಗೆ ನಾನು ಬಸ್ಸಿನಲ್ಲಿ ಎಲ್ಲ ವಿವರಿಸಿದೆ. ಅವರು ಮೈಸೂರಿಗೆ ಹೋಗುವುದನ್ನು ಮುಂದಕ್ಕೆ ಹಾಕಿ ಮೂಡುಬಿದಿರೆಯಲ್ಲೇ ಉಳಿದರು. ಮುಂದಿನ ಶನಿವಾರ ನಾವು ಮೂವರೂ ಮನೆಗೆ ಬಂದಾಗ ಅಪ್ಪ ಅಂಗಳದಲ್ಲಿ ಅಡಕೆ ಮರ ಸೀಳಿ ಸಲಕೆ ಮಾಡುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ಹೇಳಿಕೆ ಹೋಗಿಯಾಗಿದೆ, ಆಚೆಯವರು ಬಂದು ಈಚೆ ಗೂಟ ಇಲ್ಲದಿದ್ದರೆ ಅದಕ್ಕಿಂತ ದೊಡ್ಡ ಮರ್ಯಾದೆಗೇಡು ಇಲ್ಲ. ಸಿಟ್ಟು ಎಷ್ಟು ಇತ್ತೋ ಗೂಟ ಅಷ್ಟು ಚೂಪಾಗಿತ್ತು.

ಆದಿತ್ಯವಾರ ಬೆಳಕು ಹರಿಯುವಾಗ ನಮ್ಮ ಕಡೆಯವರೆಲ್ಲ ದಡದಲ್ಲಿ ಸೇರಿದರು. ಆಚೆ ಯಾರೂ ಇಲ್ಲ. ಅಪ್ಪ ಹೊಳೆಗೆ ಬೆನ್ನು ಹಾಕಿ ಒಂದು ಕಲ್ಲಿನ ಮೇಲೆ ಕೂತರು. ಬಿಸಿಲು ಏರಿತು. ಜನ ಬೀಡಿ ಹಚ್ಚಿದರು, ಗುಸುಗುಸು ಶುರುವಾಯಿತು. ಜರ್ಮನಿಯ ಮುದುಕರು ನಿಂತಲ್ಲಿ ನಿಲ್ಲದೆ ಅತ್ತಿತ್ತ ನಡೆಯುತ್ತಿದ್ದರು. ಅಮ್ಮ ಗಂಜಿಯ ಹಂಡೆಯ ಹತ್ತಿರ ಕೂತು, ಆಚೆಯ ದಾರಿಯಿಂದ ಕಣ್ಣು ತೆಗೆಯಲಿಲ್ಲ. ಈ ಸಲ ಆಚೆಯವರು ಬಾರದಿದ್ದರೆ ಅಕ್ಕ ಇನ್ನು ನಮ್ಮ ಮನೆಯ ಮೆಟ್ಟಿಲು ಹತ್ತುವುದಿಲ್ಲ, ಅದು ನಮಗೆಲ್ಲ ಗೊತ್ತಿತ್ತು. 'ಕಂಡೆಯಾ' ಎಂದರು ಅಪ್ಪ, ಯಾರಿಗೂ ಅಲ್ಲ ಎಂಬಂತೆ. ಒಂದು ವಾರದ ಮೇಲೆ ಅಮ್ಮನಿಗೆ ತಾಗುವಂತೆ ಅವರ ಬಾಯಿಂದ ಬಂದ ಮೊದಲ ಮಾತು ಅದು.

ಆಗ ಆಚೆಯ ಪೊದೆಗಳ ನಡುವಿನಿಂದ ಮಾವ ಬಂದರು. ಹೆಗಲಲ್ಲಿ ಹಾರೆ. ಅವರ ಹಿಂದೆ ಭಾವ, ಭಾವನ ಹಿಂದೆ ಇಡೀ ಊರು, ಬುಟ್ಟಿ, ಗುದ್ದಲಿ, ಸೊಪ್ಪಿನ ಹೊರೆ. ತಡವಾದದ್ದು ಸೊಪ್ಪು ಕಡಿದು ತಂದದ್ದಕ್ಕೆ. ಮಾವ ನೀರಿಗಿಳಿದು ನೇರ ಈಚೆ ಬಂದು, ಅಪ್ಪನ ಮುಖ ನೋಡದೆ, ಗೂಟದ ರಾಶಿಯನ್ನು ಕಾಲಿನಿಂದ ತಳ್ಳಿ ನೋಡಿದರು.

'ಗೂಟ ಸಪೂರ ಆಯಿತು.'

ಅಪ್ಪ ಎದ್ದರು. 'ಇಷ್ಟು ವರ್ಷ ಕಟ್ಟದ ಬದಿಗೇ ಬಾರದವರಿಗೆ ಗೂಟ ಗೊತ್ತಾಗ್ತದಾ?'

'ಹೇಳಿಕೆ ಇರಲಿಲ್ಲ. ಬರಲಿಲ್ಲ.'

'ಈಗ?'

'ಈಗ ಉಂಟಲ್ಲ.'

ಇಷ್ಟೇ. ರಾಜಿಯ ಮಾತು ಅಂತ ಆದದ್ದು ಇಷ್ಟೇ. ಆಮೇಲೆ ಇಬ್ಬರೂ ಮೊಣಕಾಲಿನವರೆಗೆ ನೀರಿನಲ್ಲಿ ನಿಂತು, ಯಾವ ಗೂಟ ಎಲ್ಲಿ ಎಂದು ಸಂಜೆಯವರೆಗೆ ಜಗಳಾಡಿದರು. ಆ ಜಗಳ ಕೇಳುತ್ತಾ ನನಗೆ ಸ್ಟಾಫ್ ರೂಮಿನ ಗೋಳಿಬಜೆ ನೆನಪಾಯಿತು. ಮುದುಕರು ಮತ್ತು ಆ ಹೆಂಗಸು ಮಣ್ಣಿನ ಸಾಲಿನಲ್ಲಿ ಅಕ್ಕಪಕ್ಕ ನಿಂತು ಬುಟ್ಟಿ ದಾಟಿಸಿದರು. ಬುಟ್ಟಿ ತುಂಬಿಸುವ ಹೆಂಗಸರು ಅವರ ಬುಟ್ಟಿಗೆ ಕರುಣೆಯಿಂದ ಅರ್ಧ ಮಣ್ಣೇ ಹಾಕುತ್ತಿದ್ದರು. ಮಧ್ಯಾಹ್ನ ಎರಡೂ ಊರು ನಮ್ಮ ಗಂಜಿ ಚಟ್ನಿ ಉಂಡಿತು. ಮಾವ ಎರಡನೇ ಸಲ ಗಂಜಿ ಕೇಳಿದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಅಂದು ಎರಡು ಕಡೆಯ ಮೀಸೆಗೂ ಬೇಕಾದಷ್ಟು ಮಣ್ಣಾಗಿತ್ತು, ಯಾರಿಗೂ ಒರೆಸಿಕೊಳ್ಳುವ ಪುರುಸೊತ್ತು ಇರಲಿಲ್ಲ.

ಬಿಸಿಲು ಇಳಿಯುವಾಗ ನಡುವಿನ ಬಾಯಿ ಮುಚ್ಚಿತು. ನೀರು ಮೆಲ್ಲ ಏರತೊಡಗಿತು. ಆಚೆಯವರು ಒಬ್ಬೊಬ್ಬರಾಗಿ ಕಟ್ಟದ ಮೇಲಿನಿಂದಲೇ ನಡೆದು ಹಿಂದೆ ಹೋದರು. ಅಕ್ಕ ಬಂದಿರಲಿಲ್ಲ. ಕಟ್ಟ ಬೇರೆ, ಅಕ್ಕ ಬೇರೆ. ಅಮ್ಮ ಖಾಲಿ ಹಂಡೆ ಎತ್ತುತ್ತಿದ್ದಳು. ನನಗೆ ಅಳು ಬಂತು.

ಎಲ್ಲರಿಗಿಂತ ಕೊನೆಗೆ ಹೊರಟ ಮಾವ ಆಚೆಯ ತುದಿ ಮುಟ್ಟಿ ತಿರುಗಿದರು. ಅವರ ಹಿಂದೆ, ಪೊದೆಯ ಬದಿಯಲ್ಲಿ, ಅಕ್ಕ ನಿಂತಿದ್ದಳು. ಯಾವಾಗ ಬಂದಳೋ. ತಲೆಗೆ ಹೂ ಮುಡಿದಿದ್ದಳು, ಕೈಯಲ್ಲಿ ಬಟ್ಟೆಯ ಗಂಟು, ಪಕ್ಕದಲ್ಲಿ ಮಗು. ಮಾವ ಎರಡೂ ಊರಿಗೆ ಕೇಳುವ ಹಾಗೆ ಕೂಗಿದರು, 'ಸೊಸೆ ತಯಾರು ಉಂಟು. ಕರೆಯಲಿಕ್ಕೆ ಯಾರು ಬರ್ತೀರಿ?'

ಎಲ್ಲರೂ ಅಪ್ಪನನ್ನು ನೋಡಿದರು. ಅಮ್ಮ ನೋಡಲಿಲ್ಲ, ಅವಳು ಹಂಡೆಯನ್ನು ನೋಡುತ್ತಿದ್ದಳು. ತನ್ನ ಪಾಲಿನ ದಾರಿಯನ್ನು ಅವಳು ನಡೆದಾಗಿತ್ತು.

ಅಪ್ಪ ನೀರಿಗೆ ಬಾಗಿ ಕೈ ಕಾಲು ತೊಳೆದರು, ಮುಖ ತೊಳೆದರು. ದಡದಲ್ಲಿ ಇಟ್ಟಿದ್ದ ಅಂಗಿ ಹಾಕಿ ಗುಂಡಿ ಹಾಕಿಕೊಂಡರು. ಆಮೇಲೆ ಹಸಿ ಮಣ್ಣಿನ ಮೇಲೆ, ಎರಡು ಊರಿನ ಕಣ್ಣೆದುರು, ಮೆಲ್ಲ ಮೆಲ್ಲ ನಡೆದು ಆಚೆಗೆ ಹೋದರು. ನಾನೂ ಹಿಂದೆಯೇ ಓಡಿದೆ. ಅಕ್ಕನ ಎದುರು ನಿಂತು ಅಪ್ಪನಿಗೆ ಕ್ರಮದ ಮಾತು ಒಂದೂ ಬರಲಿಲ್ಲ. 'ಮನೆಗೆ ಬಾ ಮಗಾ' ಎಂದರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. 'ಹೀಗೆ ಹೇಳಿದರೆ ಅದು ಹೇಳಿಕೆ' ಎಂದರು ಮಾವ.

ಅಪ್ಪ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ತಿರುಗಿದರು. ಕಟ್ಟದ ನಡುವೆ ಬಂದಾಗ ಮಗು ಅವರ ತಲೆಕೂದಲು ಹಿಡಿದುಕೊಂಡು, ಹಿಂದೆ ಬರುತ್ತಿದ್ದ ಅಕ್ಕನನ್ನು ದೊಡ್ಡ ಧ್ವನಿಯಲ್ಲಿ ಕೇಳಿತು, 'ಅಮ್ಮಾ, ಇವರು ಯಾರು?'

ಅಕ್ಕ ಉತ್ತರ ಹೇಳುವ ಮೊದಲೇ ಅಪ್ಪ ನಿಂತರು. ಅವರ ಧ್ವನಿ ಹಾಗೆ ಒಡೆದದ್ದನ್ನು ನಾನು ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

'ನಿನ್ನನ್ನು ಕರೆಯಲಿಕ್ಕೆ ಬರಬೇಕಾಗಿದ್ದವ ಮಗಾ' ಎಂದರು. 'ತಡ ಆಯಿತು.'

ಈಚೆಯ ದಡದಲ್ಲಿ ಅಮ್ಮ ಇರಲಿಲ್ಲ. ಹಂಡೆಯನ್ನು ಅಲ್ಲೇ ಬಿಟ್ಟು, ಒಲೆಗೆ ಅಕ್ಕಿ ಹಾಕಲು ಆಗಲೇ ಮನೆಗೆ ಓಡಿದ್ದಳು.